ನರಕೋಶದೊಳಗಣ ಸಾಗಣೆ: ಒಂದು ಉಪಮೆಯ ಇತಿಹಾಸ

ತೊಣ್ಣೂರು ಕೆರೆಯ ಏರಿ ಎರಡು ಬೆಟ್ಟಗಳ ನಡುವೆ ಅಡ್ಡಲಾಗಿ ನಿಂತಿದೆ. ಅದರ ಹಿಂದೆ ನೀರು ನಿಲ್ಲುತ್ತದೆ; ತೂಬು ತೆಗೆದರೆ ಇಳಿಜಾರಿನಲ್ಲಿ ತಾನಾಗಿ ಹರಿಯುತ್ತದೆ. ಇಂಥದೇ ಒಂದು ಚಿತ್ರವು ನರಕೋಶವನ್ನು ಕುರಿತ ವಿಚಾರವನ್ನು ಕೆಲಕಾಲ ಆಳಿತೆಂಬುದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

1948ರಲ್ಲಿ ಪಾಲ್ ವೈಸ್ ಮತ್ತು ಹೆಲೆನ್ ಹಿಸ್ಕೋ ಅವರು ನರವನ್ನು ಬಿಗಿದು ನೋಡಿದರು. ಬಿಗಿತದ ಹಿಂದೆ, ಎಂದರೆ ಕೋಶಕಾಯದ ಕಡೆಗೆ, ತಂತುಗಳು ಉಬ್ಬಿದುವು. ಬಿಗಿತವನ್ನು ಸಡಿಲಿಸಿದಾಗ ಶೇಖರವಾಗಿದ್ದ ದ್ರವ್ಯವು ದಿನಕ್ಕೆ 1–2 ಮಿಲಿಮೀಟರಿನಷ್ಟು ಮುಂದೆ ಸರಿಯಿತು. ತಂತುವಿನ ದ್ರವ್ಯವೆಲ್ಲ ಒಟ್ಟಾಗಿ ಹರಿಯುತ್ತಿರಬೇಕೆಂದು ಅವರು ಊಹಿಸಿದರು. ಕೆರೆಯ ಏರಿಯನ್ನು ಕಂಡವರಿಗೆ ಇದು ಸಹಜವಾಗಿಯೇ ತೋರುವುದು. ಆದರೆ ತಡೆಯ ಹಿಂದೆ ಸೇರುವುದು ನೀರೊಂದೇ ಅಲ್ಲ. ಸುಂಕದ ಕಟ್ಟೆಯ ಮುಂದೆ ಗಾಡಿಗಳೂ ಸಾಲುಗಟ್ಟುತ್ತವೆ! ಮುಂದೆ ವಿಕಿರಣಶೀಲ ಗುರುತುಗಳನ್ನು ಬಳಸಿದಾಗ, ಕೆಲವು ವಸ್ತುಗಳು ದಿನಕ್ಕೆ ಸುಮಾರು 400 ಮಿಲಿಮೀಟರ್ ಸಾಗುವುದು ಕಂಡುಬಂದಿತು. ಒಂದೇ ಪ್ರವಾಹಕ್ಕೆ ಇಷ್ಟು ಭಿನ್ನವಾದ ವೇಗಗಳಿರಲಾರವು.

ಹೊರುವವರು ಯಾರು? 1985ರಲ್ಲಿ ವೇಲ್, ರೀಸ್, ಶೀಟ್ಸ್ ಇವರು ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನಿಂದ ಕೈನೆಸಿನ್ ಎಂಬ ಪ್ರೋಟೀನನ್ನು ಬೇರ್ಪಡಿಸಿದರು. ಅದು ಎಟಿಪಿಯ ಶಕ್ತಿಯಿಂದ ಸೂಕ್ಷ್ಮನಾಳಿಕೆಗಳ ಮೇಲೆ 8 ನ್ಯಾನೋಮೀಟರಿನ ಹೆಜ್ಜೆಗಳನ್ನಿಡುತ್ತದೆ. ತಂತುವಿನ ತುದಿಯಿಂದ ಕೋಶಕಾಯಕ್ಕೆ ಮರಳಿ ಹೊರುವ ಕೆಲಸ ಡೈನೀನಿನದು.

ನರಪ್ರೇಷಕದ ಗ್ರಾಹಕಗಳ ಪ್ರಶ್ನೆ ಇಲ್ಲಿಯೇ ಎದುರಾಗುತ್ತದೆ. ಗ್ರಾಹಕವು ಬಹುಮಟ್ಟಿಗೆ ಕೋಶಕಾಯದಲ್ಲಿ ಸಿದ್ಧವಾಗುತ್ತದೆ. ಅದರ ಕೆಲಸವೋ ದೂರದ ಶಾಖೆಯ ಸಂಧಿಯಲ್ಲಿ. ಅಲ್ಲಿಗೆ ಅದು ತಲಪದಿದ್ದರೆ ನೆರೆಯ ಕೋಶವು ಸುರಿದ ಪ್ರೇಷಕವನ್ನು ಸ್ವೀಕರಿಸುವವರೇ ಇಲ್ಲ. ಜಪಾನಿನ ಹಿರೋಕಾವ ಅವರ ತಂಡವು 2000ದಲ್ಲಿ, ಕೆಐಎಫ್17 ಎಂಬ ಕೈನೆಸಿನ್ ಎನ್‌ಎಂಡಿಎ ಗ್ರಾಹಕದ ಅಂಶವುಳ್ಳ ಕೋಶಿಕೆಗಳನ್ನು ಶಾಖೆಗಳಿಗೆ ಒಯ್ಯುವುದನ್ನು ತೋರಿಸಿತು. ಹೊರೆಗೂ ಹೊರುವವನಿಗೂ ನಡುವೆ ಮಿಂಟ್1 ಮೊದಲಾದ ಪ್ರೋಟೀನುಗಳ ಕೊಂಡಿಯುಂಟು. 2002ರಲ್ಲಿ ಎಎಂಪಿಎ ಗ್ರಾಹಕಕ್ಕೆ ಕೆಐಎಫ್5 ವಾಹಕವೆಂದೂ ಗ್ರಿಪ್1 ಕೊಂಡಿಯೆಂದೂ ಅದೇ ತಂಡ ತಿಳಿಸಿತು. ಅದೇ ವರ್ಷದ ಇನ್ನೊಂದು ಪ್ರಯೋಗದಲ್ಲಿ, ಕೆಐಎಫ್17 ಅಧಿಕವಾಗಿದ್ದ ಇಲಿಗಳು ಸ್ಮರಣೆಯ ಪರೀಕ್ಷೆಗಳಲ್ಲಿ ಮೇಲುಗೈ ಪಡೆದುವು. ನೆನಪಿನಂಥ ಸೂಕ್ಷ್ಮವಸ್ತುವೂ ಹೊರೆಯಾಳನ್ನು ಅವಲಂಬಿಸಿದೆಯೆಂಬುದು ನಮಗೆ ಅಚ್ಚರಿಯನ್ನೇ ತಂದಿತು.

ಈ ವಿಷಯದ ಸಂಶೋಧನೆ ನಮ್ಮ ನಾಡಿನಲ್ಲಿಯೂ ನಡೆದಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸಂಧ್ಯಾ ಕೌಶಿಕ ಅವರೂ ಸಂಗಡಿಗರೂ ಒಂದು ಸಣ್ಣ ದುಂಡುಹುಳುವಿನಲ್ಲಿ ಯುಎನ್‌ಸಿ-104 ಎಂಬ ಕೈನೆಸಿನನ್ನು ಅಭ್ಯಸಿಸಿದರು. ಅದರ ಹೊರೆ ಗ್ರಾಹಕವಲ್ಲ. ಪ್ರೇಷಕವನ್ನು ತುಂಬಿಕೊಳ್ಳಬೇಕಾದ ಕೋಶಿಕೆಗಳ ಪೂರ್ವರೂಪ. ಆ ಹೊರೆಯನ್ನು ಹಿಡಿಯಲಾರದ ವಾಹಕವನ್ನು ಕೋಶವು ನಾಶಮಾಡುತ್ತದೆಂದು ಅವರು 2010ರಲ್ಲಿ ಪ್ರಕಟಿಸಿದರು. ತೊಣ್ಣೂರಿನ ಕಾಲುವೆಗೆ ಇಂಥ ಲೆಕ್ಕಾಚಾರವಿಲ್ಲ.