ಹೈಬ್ರಿಡ್ ಕಾರಿನ ಎಂಜಿನ್ ಆಯಿಲ್ ಯಾವಾಗ ಬದಲಿಸಬೇಕು? ಅರ್ಧ ದಾರಿ ಬ್ಯಾಟರಿಯಲ್ಲಿ ಓಡಿದರೂ ಗಡುವು ಮುಂದೆ ಹೋಗದು!

ಹೈಬ್ರಿಡ್ ಕಾರು ಕೊಂಡವರ ಮನಸ್ಸಿನಲ್ಲಿ ಮೊದಲ ವರ್ಷ ತುಂಬುವ ಹೊತ್ತಿಗೆ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಓಡೋಮೀಟರ್ 10,000 ಕಿ.ಮೀ. ತೋರಿಸುತ್ತಿದೆ, ನಿಜ. ಆದರೆ ಅದರಲ್ಲಿ ಎಷ್ಟೋ ದೂರ ಕಾರು ಸದ್ದಿಲ್ಲದೆ ಬ್ಯಾಟರಿಯಲ್ಲೇ ಓಡಿದೆ. ಎಂಜಿನ್ ಓಡಿದ್ದೇ ಕಡಿಮೆ ಎಂದಮೇಲೆ ಆಯಿಲ್ ಬದಲಿಸಲು ಅವಸರವೇನು, 15,000 ಕಿ.ಮೀ.ವರೆಗೂ ತಳ್ಳಬಹುದಲ್ಲ? ಕೇಳಲು ಸರಿಯಾಗಿಯೇ ಇದೆ. ಆದರೆ ಎಂಜಿನ್ ಒಳಗೆ ನಡೆಯುವುದು ಬೇರೆಯೇ.

ಮೊದಲು ನೇರ ಉತ್ತರ. ಭಾರತದಲ್ಲಿ ಮಾರಾಟವಾಗುವ ಟೊಯೊಟಾ, ಮಾರುತಿ ಸುಜುಕಿ ಮತ್ತು ಹೋಂಡಾ ಹೈಬ್ರಿಡ್‌ಗಳಿಗೆ ಸಾಮಾನ್ಯವಾಗಿ ಅನ್ವಯಿಸುವ ಗಡುವು 10,000 ಕಿ.ಮೀ. ಅಥವಾ 12 ತಿಂಗಳು, ಇವೆರಡರಲ್ಲಿ ಯಾವುದು ಮೊದಲು ಬರುತ್ತದೋ ಅದು. ಮಾಮೂಲಿ ಪೆಟ್ರೋಲ್ ಕಾರಿನ ಗಡುವೂ ಬಹುತೇಕ ಇದೇ. ಹೈಬ್ರಿಡ್ ಎಂಬ ಕಾರಣಕ್ಕೆ ರಿಯಾಯಿತಿ ಇಲ್ಲ. ದಿನವೂ ಬರೀ ನಾಲ್ಕೈದು ಕಿ.ಮೀ. ಓಡಾಡುವವರು, ಧೂಳಿನ ದಾರಿಯಲ್ಲಿ ಸಾಗುವವರು ಇದಕ್ಕೂ ಮೊದಲೇ ಬದಲಿಸುವುದು ಒಳ್ಳೆಯದು. ಅಂತಿಮ ಮಾತು ಆಯಾ ಕಾರಿನ ಓನರ್ಸ್ ಮ್ಯಾನುಯಲ್‌ನದ್ದು.

ಯಾವ ಹೈಬ್ರಿಡ್ ಎಂಬುದನ್ನು ಮೊದಲು ನೋಡಿ

ಹೈಬ್ರಿಡ್ ಎಂಬ ಒಂದೇ ಹೆಸರಿನಲ್ಲಿ ನಮ್ಮ ಮಾರುಕಟ್ಟೆಯಲ್ಲಿ ಎರಡು ಬಗೆಯ ಕಾರುಗಳಿವೆ. ಎರ್ಟಿಗಾ, ಬ್ರೆಝಾದಂತಹ ಕಾರುಗಳಲ್ಲಿರುವ 'ಸ್ಮಾರ್ಟ್ ಹೈಬ್ರಿಡ್' ನಿಜಕ್ಕೂ ಮೈಲ್ಡ್ ಹೈಬ್ರಿಡ್. ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಆಗುತ್ತದೆ, ಹೊರಡುವಾಗ ಚಿಕ್ಕ ಮೋಟಾರ್ ಸ್ವಲ್ಪ ಕೈಜೋಡಿಸುತ್ತದೆ, ಅಷ್ಟೇ. ಚಕ್ರ ಉರುಳುತ್ತಿರುವಷ್ಟು ಹೊತ್ತೂ ಎಂಜಿನ್ ಓಡುತ್ತಲೇ ಇರುತ್ತದೆ. ಇಂತಹ ಕಾರುಗಳನ್ನು ಆಯಿಲ್ ವಿಷಯದಲ್ಲಿ ಅಪ್ಪಟ ಪೆಟ್ರೋಲ್ ಕಾರು ಎಂದೇ ಪರಿಗಣಿಸಿ. ಈ ಲೇಖನದ ಮುಂದಿನ ಚರ್ಚೆ ಇವಕ್ಕೆ ಹೆಚ್ಚು ತಾಗುವುದಿಲ್ಲ.

ಇನ್ನೊಂದು ಸ್ಟ್ರಾಂಗ್ ಹೈಬ್ರಿಡ್. ಬೆಂಗಳೂರು ಪಕ್ಕದ ಬಿಡದಿಯ ಕಾರ್ಖಾನೆಯಿಂದ ಬರುವ ಟೊಯೊಟಾ ಅರ್ಬನ್ ಕ್ರೂಸರ್ ಹೈರೈಡರ್ ಮತ್ತು ಇನ್ನೋವಾ ಹೈಕ್ರಾಸ್‌ನ ಹೈಬ್ರಿಡ್ ಆವೃತ್ತಿಗಳು, ಮಾರುತಿಯ ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್ ಮತ್ತು ಇನ್ವಿಕ್ಟೋ, 2022ರಲ್ಲಿ ಬಂದ ಹೋಂಡಾ ಸಿಟಿ ಇ:ಎಚ್‌ಇವಿ ಈ ಗುಂಪಿನವು. ಇವು ಎಂಜಿನ್ ಪೂರ್ತಿ ಬಂದ್ ಆಗಿದ್ದರೂ ಓಡಬಲ್ಲವು. ಗೊಂದಲ ಹುಟ್ಟುವುದೇ ಇಲ್ಲಿ.

ಓಡೋಮೀಟರ್ ಲೆಕ್ಕ ಮತ್ತು ಎಂಜಿನ್ ಲೆಕ್ಕ

ತನ್ನ ಸ್ಟ್ರಾಂಗ್ ಹೈಬ್ರಿಡ್ ಕಾರುಗಳು ಸುಮಾರು ಶೇ.40ರಷ್ಟು ದೂರ ಮತ್ತು ಶೇ.60ರಷ್ಟು ಸಮಯ ಎಂಜಿನ್ ಆಫ್ ಮಾಡಿಕೊಂಡು ಓಡಬಲ್ಲವು ಎಂದು ಟೊಯೊಟಾ ಹೇಳಿಕೊಳ್ಳುತ್ತದೆ. ಅದನ್ನೇ ಹಿಡಿದು ಲೆಕ್ಕ ಹಾಕೋಣ. ನಗರದ ಟ್ರಾಫಿಕ್‌ನಲ್ಲಿ ಸರಾಸರಿ ಗಂಟೆಗೆ 20 ಕಿ.ಮೀ. ವೇಗ ಎಂದರೆ 10,000 ಕಿ.ಮೀ. ಕ್ರಮಿಸಲು 500 ಗಂಟೆ ಬೇಕು. ಪೆಟ್ರೋಲ್ ಕಾರಿನ ಎಂಜಿನ್ ಆ 500 ಗಂಟೆಯೂ ಓಡಿರುತ್ತದೆ. ಹೈಬ್ರಿಡ್‌ನಲ್ಲಿ ಅದು 200 ಗಂಟೆಗೆ ಇಳಿಯುತ್ತದೆ. ಅಂದರೆ ಅರ್ಧಕ್ಕಿಂತಲೂ ಕಡಿಮೆ.

ಹಾಗಿದ್ದರೆ ಆಯಿಲ್ ಕೂಡ ಎರಡು ಪಟ್ಟು ದಿನ ಬರಬೇಕಿತ್ತಲ್ಲವೇ? ಎಂಜಿನ್ ಎಷ್ಟು ಹೊತ್ತು ಓಡಿತು ಎಂಬುದೊಂದೇ ಆಯಿಲ್ ಆಯಸ್ಸನ್ನು ತೀರ್ಮಾನಿಸುವುದಾದರೆ ಹೌದು. ಆದರೆ ಎಷ್ಟು ಬಿಸಿಯಾಗಿ ಓಡಿತು ಎಂಬುದೂ ಅಷ್ಟೇ ಮುಖ್ಯ.

ಹೈಬ್ರಿಡ್‌ನ ನಿಜವಾದ ಶತ್ರು ಬಿಸಿಯಲ್ಲ, ತಂಪು

ಆಯಿಲ್ ಹಾಳಾಗುವುದು ಬಿಸಿಯಿಂದ ಎಂಬುದು ಸಾಮಾನ್ಯ ನಂಬಿಕೆ. ಅತಿಯಾದ ಬಿಸಿ ಕೆಟ್ಟದ್ದೇ. ಆದರೆ ಹೈಬ್ರಿಡ್ ಎಂಜಿನ್‌ಗಳಲ್ಲಿ ತೊಂದರೆ ಬರುವುದು ಹೆಚ್ಚಾಗಿ ಎದುರು ದಿಕ್ಕಿನಿಂದ.

ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರ್ ಮೂಲಕ ಹೊರಹೋಗುತ್ತದೆ. ಸ್ವಲ್ಪ ಭಾಗ ಮಾತ್ರ ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಕೆಳಗೆ ನುಸುಳಿ ಆಯಿಲ್ ಇರುವ ಕ್ರ್ಯಾಂಕ್‌ಕೇಸ್ ಸೇರುತ್ತದೆ. ಜತೆಗೆ ಎಂಜಿನ್ ತಣ್ಣಗಿರುವಾಗ ಇಂಧನದ ಪ್ರಮಾಣ ಹೆಚ್ಚು ಬೇಕು. ಆಗ ಪೂರ್ತಿ ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಗೆ ಅಂಟಿ, ಅದೂ ಆಯಿಲ್‌ಗೆ ಇಳಿಯುತ್ತದೆ. ಇದು ಎಲ್ಲ ಕಾರುಗಳಲ್ಲೂ ನಡೆಯುವ ಕ್ರಿಯೆ. ಆಯಿಲ್ ಚೆನ್ನಾಗಿ ಬಿಸಿಯಾಗಿ ಅರ್ಧ ಗಂಟೆ ಓಡಿದರೆ ಈ ನೀರು, ಪೆಟ್ರೋಲ್ ಎರಡೂ ಆವಿಯಾಗಿ, ಪಿಸಿವಿ ವಾಲ್ವ್ ಮೂಲಕ ಮತ್ತೆ ಎಂಜಿನ್‌ಗೇ ಹೋಗಿ ಉರಿದುಹೋಗುತ್ತವೆ.

ಹೈಬ್ರಿಡ್‌ನಲ್ಲಿ ಆ ಅರ್ಧ ಗಂಟೆಯೇ ಸಿಗುವುದಿಲ್ಲ. ಮನೆಯಿಂದ ಹೊರಟ ಕಾರಿನ ಎಂಜಿನ್ ಎರಡು ನಿಮಿಷ ಓಡುತ್ತದೆ, ನಿಲ್ಲುತ್ತದೆ, ಫ್ಲೈಓವರ್ ಏರುವಾಗ ಮತ್ತೆ ಓಡುತ್ತದೆ, ಸಿಗ್ನಲ್‌ನಲ್ಲಿ ಮತ್ತೆ ನಿಲ್ಲುತ್ತದೆ. ಎಸಿ ಕಂಪ್ರೆಸರ್ ಕೂಡ ವಿದ್ಯುತ್‌ನಲ್ಲೇ ನಡೆಯುವುದರಿಂದ ಅದಕ್ಕಾಗಿ ಎಂಜಿನ್ ಸದಾ ಓಡುತ್ತಿರಬೇಕಿಲ್ಲ. ಸಾಲದ್ದಕ್ಕೆ ಈ ಕಾರುಗಳಲ್ಲಿರುವ ಅಟ್ಕಿನ್ಸನ್ ಸೈಕಲ್ ಎಂಜಿನ್‌ಗಳು ಹೆಚ್ಚು ದಕ್ಷ. ದಕ್ಷ ಎಂದರೆ ವ್ಯರ್ಥವಾಗುವ ಶಾಖ ಕಡಿಮೆ, ಅಂದರೆ ಬೆಚ್ಚಗಾಗುವುದೂ ನಿಧಾನ. ಕೂಲಂಟ್ ಬಿಸಿಯಾದ ಎಷ್ಟೋ ಹೊತ್ತಿನ ಮೇಲೆ ಆಯಿಲ್ ಬಿಸಿಯಾಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಮೈಲೇಜ್ ಕೊಡುವ ಗುಣವೇ ಆಯಿಲ್‌ಗೆ ಮುಳುವಾಗುವ ವಿಚಿತ್ರ ಇದು.

ಪರಿಣಾಮ? ನೀರು ಸೇರಿದ ಆಯಿಲ್‌ನಲ್ಲಿ ಆಮ್ಲ ಹುಟ್ಟುತ್ತದೆ, ಅದನ್ನು ತಟಸ್ಥಗೊಳಿಸಲು ಬೆರೆಸಿರುವ ರಾಸಾಯನಿಕಗಳು ಖರ್ಚಾಗುತ್ತಾ ಹೋಗುತ್ತವೆ. ಪೆಟ್ರೋಲ್ ಸೇರಿದ ಆಯಿಲ್ ತೆಳುವಾಗುತ್ತದೆ. ಮೊದಲೇ ತೆಳು ಆಯಿಲ್ ಬಳಸುವ ಎಂಜಿನ್‌ನಲ್ಲಿ ಇದು ಸಣ್ಣ ವಿಷಯವಲ್ಲ.

ಇಲ್ಲಿ ಒಂದು ಸಮಾಧಾನದ ಮಾತೂ ಇದೆ. ಎಂಜಿನ್ ಹೀಗೆ ಪದೇಪದೇ ಆನ್-ಆಫ್ ಆಗುವುದರಿಂದಲೇ ಸವೆಯುತ್ತದೆ ಎಂಬ ಭಯ ಬಹುತೇಕ ಅನಗತ್ಯ. ಟೊಯೊಟಾ ಮಾದರಿಯ ಹೈಬ್ರಿಡ್‌ನಲ್ಲಿ ಹಳೆಯ ಕಾಲದ ಸ್ಟಾರ್ಟರ್ ಮೋಟಾರ್ ಇಲ್ಲ. ದೊಡ್ಡ ಮೋಟಾರ್-ಜನರೇಟರ್ ಎಂಜಿನ್ನನ್ನು ಸರಾಗವಾಗಿ ತಿರುಗಿಸಿ, ವೇಗ ಬಂದ ಮೇಲೆ ಇಂಧನ ಕೊಡುತ್ತದೆ. ಎರಡು ನಿಮಿಷ ನಿಂತ ಎಂಜಿನ್‌ನಲ್ಲಿ ಆಯಿಲ್ ಪದರ ಹಾಗೇ ಉಳಿದಿರುತ್ತದೆ. ರಾತ್ರಿಯಿಡೀ ನಿಂತ ಮೇಲಿನ ಬೆಳಗಿನ ಮೊದಲ ಸ್ಟಾರ್ಟ್‌ಗೂ ಇದಕ್ಕೂ ಹೋಲಿಕೆ ಇಲ್ಲ.

ನಿಮ್ಮ ಊರು, ನಿಮ್ಮ ಓಡಾಟ

ಪುಣೆಯಲ್ಲಿದ್ದು ಎರಡು ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಹೋಗಿಬರುವ ಕುಟುಂಬವನ್ನು ಊಹಿಸಿಕೊಳ್ಳಿ. ಒಂದು ಬದಿಗೇ 400 ಕಿ.ಮೀ.ಗಿಂತ ಹೆಚ್ಚು ಹೆದ್ದಾರಿ ಓಟ. ಎಂಜಿನ್ ಗಂಟೆಗಟ್ಟಲೆ ಬಿಸಿಯಾಗಿ ಓಡುತ್ತದೆ, ಆಯಿಲ್‌ನಲ್ಲಿ ಸೇರಿದ್ದ ನೀರು ಆರಿಹೋಗುತ್ತದೆ. ಇಂತಹವರು 10,000 ಕಿ.ಮೀ. ಗಡುವನ್ನು ನಿಶ್ಚಿಂತೆಯಿಂದ ಪಾಲಿಸಬಹುದು.

ಈಗ ಮುಂಬೈನಲ್ಲಿ ಮನೆಯಿಂದ ಲೋಕಲ್ ರೈಲಿನ ಸ್ಟೇಷನ್‌ಗೆ, ಮಕ್ಕಳ ಶಾಲೆಗೆ ಮಾತ್ರ ಕಾರು ತೆಗೆಯುವವರನ್ನು ನೋಡಿ. ವರ್ಷಕ್ಕೆ 4,000 ಕಿ.ಮೀ. ಆಗುವುದೂ ಕಷ್ಟ. ಜತೆಗೆ ನಾಲ್ಕು ತಿಂಗಳು ಮಳೆ, ಗಾಳಿಯಲ್ಲೇ ತೇವ. ಈ ಕಾರಿನ ಆಯಿಲ್ ಮೊದಲನೆಯದಕ್ಕಿಂತ ಬೇಗ ಕೆಡುತ್ತದೆ. ಇವರು ಕಿಲೋಮೀಟರ್ ನೋಡುವುದನ್ನೇ ಬಿಟ್ಟು ಕ್ಯಾಲೆಂಡರ್ ನೋಡಬೇಕು. 12 ತಿಂಗಳಾದರೆ ಬದಲಿಸಲೇಬೇಕು. ಮ್ಯಾನುಯಲ್‌ನಲ್ಲಿ ಕಠಿಣ ಬಳಕೆಗೆ ಪ್ರತ್ಯೇಕ ವೇಳಾಪಟ್ಟಿ ಇದ್ದರೆ ಅದನ್ನೇ ಹಿಡಿಯಬೇಕು. ಇಲ್ಲದಿದ್ದರೂ ಆರು ತಿಂಗಳಿಗೊಮ್ಮೆ ಆಯಿಲ್ ಪರೀಕ್ಷೆ ಮಾಡಿಸುವುದು ಅತಿಯಾಯಿತು ಎನ್ನುವಂತಿಲ್ಲ.

ದೆಹಲಿಯ ಚಳಿಗಾಲ ಮತ್ತು ಧೂಳು ಎರಡೂ ಇದೇ ಸಾಲಿಗೆ ಸೇರುತ್ತವೆ. ಚೆನ್ನೈ, ಹೈದರಾಬಾದ್‌ನ ಬಿಸಿಲು ಮಾತ್ರ ಈ ವಿಷಯದಲ್ಲಿ ಅಷ್ಟೊಂದು ಹಾನಿಕರವಲ್ಲ. ಅಲ್ಲಿ ಎಂಜಿನ್ ಬೇಗ ಬೆಚ್ಚಗಾಗುತ್ತದೆ.

ವಿದೇಶಕ್ಕೆ ಹೋಗಿ ತಿಂಗಳುಗಟ್ಟಲೆ ಕಾರು ನಿಲ್ಲಿಸುವವರು ಇನ್ನೊಂದು ವಿಷಯ ಗಮನಿಸಬೇಕು. ನಿಂತ ಕಾರಿನ ಹೈಬ್ರಿಡ್ ಬ್ಯಾಟರಿ ನಿಧಾನವಾಗಿ ಖಾಲಿಯಾಗುವುದರಿಂದ ಕೆಲವು ತಿಂಗಳಿಗೊಮ್ಮೆಯಾದರೂ ಕನಿಷ್ಠ 30 ನಿಮಿಷ ಅಥವಾ 16 ಕಿ.ಮೀ. ಓಡಿಸಿ ಎನ್ನುತ್ತವೆ ಟೊಯೊಟಾ ಮ್ಯಾನುಯಲ್‌ಗಳು. ಪಾರ್ಕಿಂಗ್‌ನಲ್ಲೇ ಐದು ನಿಮಿಷ ಆನ್ ಮಾಡಿ ಆಫ್ ಮಾಡುವುದು ಆಯಿಲ್‌ಗೆ ಉಪಕಾರವಲ್ಲ, ಅಪಕಾರ.

'ದಪ್ಪ ಆಯಿಲ್ ಹಾಕಿ ಸಾರ್' ಎಂದರೆ ಒಪ್ಪಬೇಡಿ

ನಮ್ಮ ದೇಶದ ಬಿಸಿಗೆ ದಪ್ಪ ಆಯಿಲ್ ಒಳ್ಳೆಯದು ಎಂಬ ಮಾತು ಗ್ಯಾರೇಜ್‌ಗಳಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಹಳೆಯ ಎಂಜಿನ್‌ಗಳಿಗೆ ಅದು ಸರಿಯಿತ್ತು. ಸ್ಟ್ರಾಂಗ್ ಹೈಬ್ರಿಡ್‌ಗಳಿಗೆ ಸಾಮಾನ್ಯವಾಗಿ ಸೂಚಿಸುವುದು 0ಡಬ್ಲ್ಯೂ-16 ಅಥವಾ 0ಡಬ್ಲ್ಯೂ-20 ಸಿಂಥೆಟಿಕ್ ಆಯಿಲ್. ಡಬ್ಲ್ಯೂ ಎಂದರೆ ವಿಂಟರ್. ಅದರ ಹಿಂದಿನ ಸಂಖ್ಯೆ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು, ಮುಂದಿನದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ. 16 ಎಂಬ ದರ್ಜೆ ಬಂದಿದ್ದೇ 2013ರಲ್ಲಿ. ಹಾಗಾಗಿ ಕೆಲವು ಮೆಕ್ಯಾನಿಕ್‌ಗಳಿಗೆ ಅದು ಅಪರಿಚಿತವಾಗಿದ್ದರೆ ಆಶ್ಚರ್ಯವಿಲ್ಲ.

ಈ ಎಂಜಿನ್‌ಗಳ ಬೇರಿಂಗ್ ಸಂದಿ, ಆಯಿಲ್ ಪಂಪ್, ವಾಲ್ವ್ ಟೈಮಿಂಗ್ ವ್ಯವಸ್ಥೆ ಎಲ್ಲವನ್ನೂ ತೆಳು ಆಯಿಲ್‌ಗೆಂದೇ ರೂಪಿಸಲಾಗಿದೆ. ದಿನಕ್ಕೆ ಹತ್ತಾರು ಬಾರಿ ಎದ್ದು ನಿಲ್ಲುವ ಎಂಜಿನ್‌ಗೆ ಆಯಿಲ್ ತಕ್ಷಣ ತಲುಪಬೇಕು. ಅಲ್ಲಿಗೆ 15ಡಬ್ಲ್ಯೂ-40 ಸುರಿದರೆ ಮೈಲೇಜ್ ಕುಸಿಯುತ್ತದೆ, ತಣ್ಣನೆಯ ಎಂಜಿನ್‌ನ ಮೇಲ್ಭಾಗಕ್ಕೆ ಆಯಿಲ್ ತಡವಾಗಿ ಏರುತ್ತದೆ.

ಡಬ್ಬಿ ಕೊಳ್ಳುವಾಗ ಎಪಿಐ ಎಸ್‌ಪಿ ದರ್ಜೆಯೋ ಅದಕ್ಕಿಂತ ಹೊಸದೋ ಎಂದು ನೋಡಿ. ಎಸ್‌ಪಿ 2020ರ ಮೇ ತಿಂಗಳಲ್ಲಿ ಜಾರಿಗೆ ಬಂದದ್ದು. ಅದರ ಜತೆಗೇ ಬಂದ ಐಎಲ್‌ಎಸ್‌ಎಸಿ ಮಾನದಂಡದಲ್ಲಿ ಜಿಎಫ್-6ಬಿ ಎಂಬುದು 0ಡಬ್ಲ್ಯೂ-16ಕ್ಕೆ ಮಾತ್ರ ಮೀಸಲು. 0ಡಬ್ಲ್ಯೂ-20 ಡಬ್ಬಿಯ ಮೇಲೆ ಇರುವುದು ಜಿಎಫ್-6ಎ. 'ಹೈಬ್ರಿಡ್ ಸ್ಪೆಷಲ್' ಎಂಬ ಬಣ್ಣದ ಅಕ್ಷರಗಳಿಗಿಂತ ಈ ಸಣ್ಣ ಅಕ್ಷರಗಳೇ ಮುಖ್ಯ. ಬೇರೆ ಬಾಟಲಿಯಿಂದ ಸುರಿಯುವ ಆಡಿಟಿವ್‌ಗಳ ಅಗತ್ಯವಿಲ್ಲ.

ಅಮೆರಿಕದ ವಿಡಿಯೋ ನೋಡಿ ತೀರ್ಮಾನಿಸಬೇಡಿ

ಟೊಯೊಟಾ ಹೈಬ್ರಿಡ್‌ಗೆ 10,000ಕ್ಕೊಮ್ಮೆ ಆಯಿಲ್ ಎಂದು ಅಮೆರಿಕದ ಯೂಟ್ಯೂಬ್ ವಿಡಿಯೋಗಳಲ್ಲೂ ಕೇಳಬಹುದು. ಅದು ಮೈಲಿ! ಅಂದರೆ ಸುಮಾರು 16,000 ಕಿ.ಮೀ. ಅಲ್ಲಿಯೂ ಧೂಳಿನ ದಾರಿ, ಭಾರ ಎಳೆಯುವ ಕೆಲಸ, ಕೊರೆಯುವ ಚಳಿಯಲ್ಲಿ ಚಿಕ್ಕ ಓಡಾಟದಂತಹ ವಿಶೇಷ ಬಳಕೆಗೆ ಗಡುವು 5,000 ಮೈಲಿಗೆ, ಅಂದರೆ ಸುಮಾರು 8,000 ಕಿ.ಮೀ.ಗೆ ಇಳಿಯುತ್ತದೆ. ಅಲ್ಲಿನ ಇಂಧನ, ರಸ್ತೆ, ಟ್ರಾಫಿಕ್ ಬೇರೆ. ಭಾರತದ ಕಾರಿಗೆ ಭಾರತದ ಮ್ಯಾನುಯಲ್ಲೇ ಪ್ರಮಾಣ.

ಪ್ಲಗ್-ಇನ್ ಹೈಬ್ರಿಡ್‌ಗಳ ಕಥೆ ಮತ್ತೂ ಬೇರೆ. ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಶೆವರ್ಲೆ ವೋಲ್ಟ್‌ನಲ್ಲಿ ಎಂಜಿನ್ ಸುಮಾರು ಆರು ವಾರ ಬಳಕೆಯಾಗದಿದ್ದರೆ ಕಾರೇ ಅದನ್ನು ಎಬ್ಬಿಸಿ ಸ್ವಲ್ಪ ಹೊತ್ತು ಓಡಿಸುತ್ತಿತ್ತು. ಎಂಜಿನ್ ಓಡದೇ ಇದ್ದರೂ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಲೇಬೇಕು ಎಂದು ಕಂಪನಿ ಹೇಳಿತ್ತು.

ಮನೆಯಲ್ಲೇ ಪರೀಕ್ಷಿಸುವುದು ಹೇಗೆ?

ಎಚ್ಚರಿಕೆ ಮೊದಲು. 'ರೆಡಿ' ದೀಪ ಉರಿಯುತ್ತಿರುವ ಹೈಬ್ರಿಡ್‌ನ ಎಂಜಿನ್ ಯಾವ ಕ್ಷಣದಲ್ಲಾದರೂ ತಾನಾಗಿ ಸ್ಟಾರ್ಟ್ ಆಗಬಹುದು. ಸದ್ದಿಲ್ಲ ಎಂದು ಬಾನೆಟ್ ಒಳಗೆ ಕೈ ಹಾಕಬೇಡಿ. ಕಾರನ್ನು ಪೂರ್ತಿ ಆಫ್ ಮಾಡಿ, ಕೀಯನ್ನು ದೂರವಿಡಿ. ಕಿತ್ತಳೆ ಬಣ್ಣದ ಕೇಬಲ್‌ಗಳು ಹೈ ವೋಲ್ಟೇಜ್‌ನವು, ಅವನ್ನು ಮುಟ್ಟುವ ಪ್ರಶ್ನೆಯೇ ಇಲ್ಲ.

ಸಮತಟ್ಟಾದ ಜಾಗದಲ್ಲಿ, ಎಂಜಿನ್ ಬೆಚ್ಚಗಾಗಿ ನಿಂತು ಐದು ನಿಮಿಷ ಕಳೆದ ಮೇಲೆ ಡಿಪ್‌ಸ್ಟಿಕ್ ತೆಗೆದು ಒರೆಸಿ, ಮತ್ತೆ ಹಾಕಿ ನೋಡಿ. ಮಟ್ಟ ಎರಡು ಗುರುತುಗಳ ನಡುವೆ ಇರಬೇಕು. ಬಣ್ಣ ಕಪ್ಪಾಗಿದೆ ಎಂದ ಮಾತ್ರಕ್ಕೆ ಆಯಿಲ್ ಕೆಟ್ಟಿದೆ ಎಂದಲ್ಲ, ಕೊಳೆಯನ್ನು ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಗಮನಿಸಬೇಕಾದದ್ದು ಬೇರೆ. ಮಟ್ಟ ಕಳೆದ ಬಾರಿಗಿಂತ ಏರಿದೆಯೇ? ಆಯಿಲ್ ತಾನಾಗಿ ಹೆಚ್ಚುವುದಿಲ್ಲ. ಪೆಟ್ರೋಲ್ ವಾಸನೆಯೂ ಇದ್ದರೆ ಇಂಧನ ಸೇರುತ್ತಿದೆ ಎಂದರ್ಥ, ಗಡುವಿಗೆ ಕಾಯದೆ ಬದಲಿಸಿ.

ಆಯಿಲ್ ಹಾಕುವ ಮುಚ್ಚಳದ ಒಳಭಾಗದಲ್ಲಿ ಬೆಣ್ಣೆಯಂತಹ ಬಿಳಿ ಲೇಪ ಕಂಡರೆ ಹಲವರು ಗಾಬರಿಯಾಗುತ್ತಾರೆ. ಮುಚ್ಚಳದಲ್ಲಿ ಮಾತ್ರ ತೆಳುವಾಗಿ ಇದ್ದರೆ ಅದು ತೇವಾಂಶ. ಒಂದೆರಡು ದೀರ್ಘ ಪ್ರಯಾಣದಲ್ಲಿ ಹೋಗುತ್ತದೆ. ಡಿಪ್‌ಸ್ಟಿಕ್ ಮೇಲಿನ ಆಯಿಲ್ ಕೂಡ ಹಾಲು ಬೆರೆಸಿದ ಕಾಫಿಯಂತಿದ್ದು, ಕೂಲಂಟ್ ಮಟ್ಟವೂ ಇಳಿಯುತ್ತಿದ್ದರೆ ಮಾತ್ರ ಗಂಭೀರ. ಅದು ಹೆಡ್ ಗ್ಯಾಸ್ಕೆಟ್ ಸೋರಿಕೆಯಾಗಿರಬಹುದು. ಕಾರು ಓಡಿಸದೆ ಸರ್ವಿಸ್ ಸೆಂಟರ್‌ಗೆ ಕರೆ ಮಾಡಿ.

ಸರ್ವಿಸ್ ಬಿಲ್‌ನಲ್ಲಿ ಏನಿರಬೇಕು?

ಮೊದಲ 1,000 ಕಿ.ಮೀ. ತಪಾಸಣೆಯಲ್ಲಿ ಸಾಮಾನ್ಯವಾಗಿ ಆಯಿಲ್ ಬದಲಿಸುವುದಿಲ್ಲ, ಅಗತ್ಯವೂ ಇಲ್ಲ. ಬದಲಿಸುವ ಪ್ರತಿ ಬಾರಿಯೂ ಆಯಿಲ್ ಫಿಲ್ಟರ್ ಮತ್ತು ಡ್ರೈನ್ ಪ್ಲಗ್ ವಾಷರ್ ಹೊಸದಿರಬೇಕು. ಬಿಲ್‌ನಲ್ಲಿ ಆಯಿಲ್ ಗ್ರೇಡ್, ಲೀಟರ್, ದಿನಾಂಕ, ಓಡೋಮೀಟರ್ ಅಂಕಿ ನಾಲ್ಕೂ ನಮೂದಾಗಿವೆಯೇ ನೋಡಿ. ಹೊರಗಿನ ಗ್ಯಾರೇಜ್‌ನಲ್ಲಿ ಮಾಡಿಸಿದರಂತೂ ಈ ಕಾಗದ ಬೇಕೇ ಬೇಕು. ಎಂಜಿನ್ ವಾರಂಟಿ ಕೇಳುವ ದಿನ ಬಂದರೆ ಕಂಪನಿ ಮೊದಲು ಕೇಳುವುದು ಸರ್ವಿಸ್ ದಾಖಲೆಯನ್ನೇ. ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇದೆ ಎಂದು ನಿಶ್ಚಿಂತರಾಗಿರುವವರು ಅದು ಬ್ಯಾಟರಿಗೆ ಮಾತ್ರ, ಎಂಜಿನ್‌ಗಲ್ಲ ಎಂಬುದನ್ನು ಗಮನಿಸಬೇಕು.

ಆಯಿಲ್ ಬದಲಿಸುವ ದಿನವೇ ಇನ್ನೆರಡು ಕೆಲಸ ಹೇಳಿ ಮಾಡಿಸಿ. ಇನ್ವರ್ಟರ್‌ನ ಕೂಲಂಟ್ ಎಂಜಿನ್ ಕೂಲಂಟ್‌ಗಿಂತ ಪ್ರತ್ಯೇಕ, ಅದರ ಮಟ್ಟ ನೋಡಿಸಿ. ಗಾಳಿಯಿಂದ ಬ್ಯಾಟರಿ ತಂಪಾಗಿಸುವ ಮಾದರಿಯಾದರೆ ಸೀಟಿನ ಬಳಿಯ ಗಾಳಿ ಕಿಂಡಿಯ ಫಿಲ್ಟರ್ ಶುಚಿ ಮಾಡಿಸಿ. ಧೂಳಿನ ಊರುಗಳಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತದೆ, ಕೇಳದಿದ್ದರೆ ಯಾರೂ ತೆಗೆದು ನೋಡುವುದಿಲ್ಲ.