ಕೀಲೆಣ್ಣೆ ಬೇಡದ ಚಕ್ರ

ಹಂಪಿಗೆ ಹೋದವರೆಲ್ಲ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನೋಡಿರುತ್ತೀರಿ. ಅದರ ಚಕ್ರಗಳು ಇಂದು ತಿರುಗುವುದಿಲ್ಲ. ತಿರುಗುವ ಚಕ್ರಕ್ಕಾದರೋ ಎಣ್ಣೆ ಬೇಕು. ಕಂಪ್ಲಿ ಕಡೆಯ ರೈತರು ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದುದು ಏತಕ್ಕೆ? ಅಚ್ಚೂ ಚಕ್ರವೂ ಉಜ್ಜಿದಲ್ಲಿ ಘರ್ಷಣೆ; ಘರ್ಷಣೆಯಿಂದ ಶಕ್ತಿ ನಷ್ಟ. ಹಾಗಾದರೆ ಏನನ್ನೂ ತಾಗದೆ ತಿರುಗುವ ಚಕ್ರ ಸಾಧ್ಯವೇ?

ಈ ಪ್ರಶ್ನೆಗೆ ಕಾರಣವಿದೆ. ತಿರುಗುವ ಚಕ್ರ ಶಕ್ತಿಯ ಕಣಜ. ಕುಂಬಾರನು ಕೋಲಿನಿಂದ ತಿರುಗಿಸಿ ಬಿಟ್ಟ ತಿಗರಿ, ಮಡಕೆ ಮೂಡುವವರೆಗೂ ತಿರುಗುತ್ತಿರುತ್ತದೆ. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟು ನೀರಿನಲ್ಲಿ ಶಕ್ತಿಯನ್ನು ಕೂಡಿಟ್ಟಂತೆ, ಫ್ಲೈವೀಲ್ ಎಂಬ ಭಾರದ ಚಕ್ರ ಅದನ್ನು ಚಲನೆಯಲ್ಲಿ ಕೂಡಿಡುತ್ತದೆ. ವೇಗ ಇಮ್ಮಡಿಸಿದರೆ ಶಕ್ತಿ ನಾಲ್ಮಡಿಸುತ್ತದೆ. ಆದರೆ ಬೇರಿಂಗಿನ ಘರ್ಷಣೆ ಈ ಕಣಜವನ್ನು ಬರಿದು ಮಾಡುತ್ತದೆ.

ಅಯಸ್ಕಾಂತಗಳ ಮೇಲೆ ಚಕ್ರವನ್ನು ತೇಲಿಸಬಾರದೇಕೆ? ಬರಿಯ ಸ್ಥಿರ ಅಯಸ್ಕಾಂತಗಳಿಂದ ವಸ್ತುವೊಂದು ಅಲುಗದೆ ತೇಲಲಾರದೆಂದು 1842ರಲ್ಲಿ ಅರ್ನ್‌ಶಾ ತೋರಿಸಿದ್ದ. 1911ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನ್ಸ್, ಸೊನ್ನೆಗಿಂತ ಸುಮಾರು 269 ಡಿಗ್ರಿ ಸೆಲ್ಸಿಯಸ್ ಕೆಳಗೆ ಪಾದರಸವು ವಿದ್ಯುತ್ ರೋಧವನ್ನೇ ಕಳೆದುಕೊಳ್ಳುವುದನ್ನು ಕಂಡ. ಇದೇ ಅತಿವಾಹಕತೆ. ಅತಿವಾಹಕವು ಕಾಂತಕ್ಷೇತ್ರವನ್ನು ಹೊರದೂಡುತ್ತದೆಂದು 1933ರಲ್ಲಿ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ತಿಳಿಸಿದರು. ತೇಲಿಸುವ ದಾರಿ ತೆರೆಯಿತು. ಆದರೆ ಅಷ್ಟು ಚಳಿಯನ್ನು ಒದಗಿಸುವುದು ಬಹಳ ದುಬಾರಿ.

1986ರಲ್ಲಿ ಬೆಡ್ನೋರ್ಟ್ಸ್ ಮತ್ತು ಮ್ಯುಲ್ಲರ್ ಹೊಸ ಬಗೆಯ ಅತಿವಾಹಕಗಳನ್ನು ಕಂಡುಹಿಡಿದರು. ಮರುವರ್ಷವೇ ಇಟ್ರಿಯಂ, ಬೇರಿಯಂ, ತಾಮ್ರ ಮತ್ತು ಆಕ್ಸಿಜನ್‌ಗಳ ಸಂಯುಕ್ತವೊಂದು ಸುಮಾರು ಮೈನಸ್ 180 ಡಿಗ್ರಿಯಲ್ಲೇ ಅತಿವಾಹಕವಾಯಿತು. ಅದಕ್ಕೆ ಅಗ್ಗದ ದ್ರವ ಸಾರಜನಕ ಸಾಕು. ಅದೇ 1987ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಈ ಸಂಯುಕ್ತದ ಮೇಲೆ ಕೆಲಸ ಮಾಡಿತೆಂಬುದು ನಮಗೆ ಹೆಮ್ಮೆಯ ಸಂಗತಿ.

ಇಂಥ ವಸ್ತು ಕಾಂತ ಬಲರೇಖೆಗಳನ್ನು ತನ್ನೊಳಗೆ ಬಿಗಿಹಿಡಿಯುತ್ತದೆ. ಆದ್ದರಿಂದ ಮೇಲೆ ತೇಲುವ ದುಂಡು ಅಯಸ್ಕಾಂತ ಪಕ್ಕಕ್ಕೆ ಜಾರದು, ಕೆಳಗೆ ಬೀಳದು. ಆದರೆ ತನ್ನ ಅಕ್ಷದ ಸುತ್ತ ಸಲೀಸಾಗಿ ತಿರುಗುತ್ತದೆ. ಇದೇ ತಾಗದ ಬೇರಿಂಗ್. ಗಾಳಿಯ ತಡೆಯೂ ಇರದಂತೆ ಚಕ್ರವನ್ನು ನಿರ್ವಾತದಲ್ಲಿ ಇಡುತ್ತಾರೆ. 2015ರಲ್ಲಿ ಜಪಾನಿನ ಯಮನಾಶಿಯಲ್ಲಿ ಸುಮಾರು 4 ಟನ್ ತೂಕದ ಚಕ್ರವನ್ನು ಹೀಗೆ ತೇಲಿಸಿ, ಸೌರ ವಿದ್ಯುತ್ತಿನ ಏರಿಳಿತವನ್ನು ತಗ್ಗಿಸುವ ಪರೀಕ್ಷೆ ಆರಂಭವಾಯಿತು.

ಪಾವಗಡದಂಥ ಸೌರ ಕೇಂದ್ರಗಳಿರುವ ನಮಗೂ ಇದು ಮುಖ್ಯ ವಿಷಯ. ಮೋಡ ಮುಸುಕಿದ ಗಳಿಗೆಯಲ್ಲಿ ತಟ್ಟನೆ ವಿದ್ಯುತ್ ಕೊಡಬಲ್ಲದು ಫ್ಲೈವೀಲ್. ಆದರೆ ಕೀಲೆಣ್ಣೆಯ ಜಾಗಕ್ಕೆ ಈಗ ಚಳಿ ಬಂದಿದೆ. ಆ ಚಳಿಗೂ ವಿದ್ಯುತ್ ಖರ್ಚಾಗುತ್ತದೆ. ಸಾಮಾನ್ಯ ಉಷ್ಣತೆ ಮತ್ತು ಒತ್ತಡದಲ್ಲಿ ಅತಿವಾಹಕವಾಗುವ ವಸ್ತು ಇನ್ನೂ ದೊರೆತಿಲ್ಲ. ಅದನ್ನು ಹುಡುಕುವವರು ನಿಮ್ಮಲ್ಲೇ ಯಾರಾದರೂ ಏಕಾಗಬಾರದು?