ತವರಿಗೆ ಮರಳಿದ ಮೆಣಸಿನಕಾಯಿ

ಊರಿನಿಂದ ಯಾರೇ ಬರಲಿ, ಅವರ ಸೂಟ್‌ಕೇಸಿನಲ್ಲಿ ನಾವು ಮೊದಲು ಹುಡುಕುವುದು ಬ್ಯಾಡಗಿ ಮೆಣಸಿನಕಾಯಿಯ ಪೊಟ್ಟಣವನ್ನು. ಸನ್ನಿವೇಲ್, ಫ್ರೀಮಾಂಟ್‌ಗಳ ಇಂಡಿಯನ್ ಅಂಗಡಿಗಳಲ್ಲಿ ಮೆಣಸಿನಕಾಯಿಗೆ ಬರವಿಲ್ಲ, ನಿಜ. ಆದರೂ ಅಮ್ಮ ಬಿಸಿಲಿಗೆ ಹಾಕಿ, ತೊಟ್ಟು ಬಿಡಿಸಿ ಕಳಿಸಿದ್ದರ ಬಣ್ಣವೇ ಬೇರೆ ಎನ್ನುವವರು ನಾವು. ಆದರೆ ಈ ಕಾಯಿ ಮಾಡಿರುವ ಪ್ರಯಾಣದ ಮುಂದೆ ನಮ್ಮ ವಿಮಾನಯಾನ ಏನೇನೂ ಅಲ್ಲ.

1492ರಲ್ಲಿ ಕೊಲಂಬಸ್ ಹೊರಟದ್ದು ಇಂಡಿಯಾದ ಸಂಬಾರ ಪದಾರ್ಥಗಳನ್ನು ಅರಸಿ. ಸಿಕ್ಕಿದ್ದು ಬೇರೆ ನೆಲ, ಬೇರೆ ಖಾರ. ಆ ಖಾರಕ್ಕೂ ಮೆಣಸಿನ ಹೆಸರೇ ಅಂಟಿತು. ಇಂಗ್ಲಿಷಿನಲ್ಲಿ ಇಂದಿಗೂ ಎರಡೂ ‘ಪೆಪ್ಪರ್’. ಮುಂದೆ ಪೋರ್ಚುಗೀಸರ ಹಡಗು ಹತ್ತಿ ಅದು ನಮ್ಮ ಕರಾವಳಿಗೆ ಬಂತು. ಅಲ್ಲಿಯವರೆಗೆ ಸಾರಿಗೆ ಖಾರ ಕೊಡುತ್ತಿದ್ದುದು ಕಾಳುಮೆಣಸು. ಅದರ ವ್ಯಾಪಾರದಿಂದಲೇ ಗೇರುಸೊಪ್ಪೆಯ ಚೆನ್ನಭೈರಾದೇವಿ ಪೋರ್ಚುಗೀಸರ ಬಾಯಲ್ಲಿ ‘ರೈನಾ ದ ಪಿಮೆಂಟಾ’, ಅಂದರೆ ಮೆಣಸಿನ ರಾಣಿ, ಆದಳು. ಕನ್ನಡವೂ ಹೊಸದನ್ನು ಹಳೆಯ ಹೆಸರಿನಿಂದಲೇ ಬರಮಾಡಿಕೊಂಡಿತು: ಕಾಳಾಗಿದ್ದದ್ದು ಮೆಣಸು, ಕಾಯಾಗಿ ಬಂದದ್ದು ಮೆಣಸಿನಕಾಯಿ. ಕರಾವಳಿಯವರು ಮಾತ್ರ ಹಳೆಯದನ್ನು ಈಗಲೂ ‘ಒಳ್ಳೆಮೆಣಸು’ ಎನ್ನುತ್ತಾರೆ. ಹೊಸಬನ ಮೇಲಿನ ಗುಮಾನಿ ಆ ಪದದಲ್ಲಿ ಉಳಿದಿದೆಯೇನೋ ಎಂದು ನಮಗನ್ನಿಸುವುದುಂಟು.

ಆ ಹೊಸಬನೇ ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಹೆಸರು ತಂದ. ಡಬ್ಬಿ, ಕಡ್ಡಿ ಎಂಬ ಎರಡು ಬಗೆ. ಖಾರ ಕಡಿಮೆ, ಬಣ್ಣ ಹೆಚ್ಚು. ಇದರ ಬಣ್ಣದ ಸತ್ವ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. 2011ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆಯೂ ಸಿಕ್ಕಿತು. ಕೊಳ್ಳುವಾಗ ನೋಡಬೇಕಾದ್ದು ಕಡುಗೆಂಪು ಮತ್ತು ಸುಕ್ಕು. ಬಿಳಿ ಕಲೆ, ಮುಗ್ಗಲು ವಾಸನೆ ಇದ್ದರೆ ಬೇಡ. ಬೆಳಕು, ಗಾಳಿ, ತೇವ, ಶಾಖ ಇವು ಬಣ್ಣದ ಶತ್ರುಗಳು. ಅದಕ್ಕೇ ಬ್ಯಾಡಗಿಯ ವರ್ತಕರು ಕೋಲ್ಡ್ ಸ್ಟೋರೇಜ್ ಕಟ್ಟಿಸಿದ್ದಾರೆ. ನಾವು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಫ್ರೀಜರಿಗೆ ಸೇರಿಸುವುದೂ ಅದೇ ಲೆಕ್ಕ.

ನಾವಿರುವ ಈ ಸೀಮೆಗೂ ಸಂಬಾರದ ಚರಿತ್ರೆಯಿದೆ. 1881ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾದ ಶಿಲ್ಲಿಂಗ್ ಕಂಪನಿ ಕಾಫಿ, ಚಹಾಗಳ ಜೊತೆ ಸಂಬಾರ ಪುಡಿಗಳನ್ನೂ ಡಬ್ಬಿಗಳಲ್ಲಿ ಮಾರಿತು. 1947ರಲ್ಲಿ ಅದನ್ನು ಮೆಕಾರ್ಮಿಕ್ ಕೊಂಡಿತು. ಪುಡಿಯಲ್ಲಿ ಅನುಕೂಲವಿದೆ, ಆದರೆ ಪರಿಮಳ ಬೇಗ ಹಾರುತ್ತದೆ. ಇಡಿಯಾಗಿಟ್ಟು, ಬೇಕಾದಾಗ ಹುರಿದು ಪುಡಿ ಮಾಡುವ ನಮ್ಮ ಹಿರಿಯರ ಪದ್ಧತಿಗೆ ಕಾರಣವಿತ್ತು.

ಅಮ್ಮ ಹೋದ ಮೇಲೆ ಪೊಟ್ಟಣ ಬರುವುದೂ ನಿಂತ ಮನೆಗಳು ನಮ್ಮಲ್ಲಿ ಕೆಲವಿವೆ. ಫ್ರೀಜರಿನಲ್ಲಿ ಉಳಿದ ಕೊನೆಯ ಹಿಡಿಯನ್ನು ಮುಗಿಸಲೂ ಆಗದೆ, ಇಡಲೂ ಆಗದೆ ಕಾಯುವುದಿದೆ. ಎಷ್ಟೇ ಜೋಪಾನ ಮಾಡಿದರೂ ಅದು ಮಾಸುತ್ತದೆ. ಆಗ ಕೆಲವರು ಮೆಕ್ಸಿಕನ್ ಅಂಗಡಿಯ ಗ್ವಾಹೀಯೊ ತಂದು ಸಾರಿನ ಪುಡಿ ಮಾಡುತ್ತೇವೆ. ಅದೂ ಕೆಂಪು, ಅದೂ ಸೌಮ್ಯ. ಸಸ್ಯಶಾಸ್ತ್ರದ ಪ್ರಕಾರ ಎರಡೂ ಒಂದೇ ಜಾತಿ. ರುಚಿ ಅಮ್ಮನದಲ್ಲ, ಒಪ್ಪುತ್ತೇವೆ. ಆದರೆ ಮೆಣಸಿನಕಾಯಿಯ ತವರು ಈ ಖಂಡವೇ. ನಮ್ಮೂರಿಗೆ ಸೊಸೆಯಾಗಿ ಬಂದು ಮನೆಮಗಳೇ ಆದವಳು ಅದು. ನಮ್ಮ ಮಕ್ಕಳು ಯಾವ ಮೆಣಸಿನಕಾಯಿಯನ್ನಾದರೂ ತರಲಿ. ಹದವಾಗಿ ಹುರಿಯುವುದನ್ನಾದರೂ ನಾವು ಅವರಿಗೆ ಕಲಿಸಿ ಹೋಗೋಣ.